ಸೊನ್ನೆ ಗೊತ್ತಿಲ್ಲದ ಯಂತ್ರ

ನಾನು ಮನೆಗೆ ತಂದ ಚಿನ್ನ ಕೆಂಪಗಿತ್ತು. ಕೋಕಂ ಶರಬತ್ತಿನಷ್ಟು ಕೆಂಪು. ಒಂದು ಗಾಜಿನ ಸೀಸೆಯಲ್ಲಿ, ಫ್ರಿಜ್ಜಿನೊಳಗೆ, ಕರಿಬೇವಿನ ಡಬ್ಬಿಯ ಪಕ್ಕ ಕುಳಿತಿತ್ತು. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿ ನೀರಿನಲ್ಲಿ ತೇಲಿಸಿದರೆ ಹಳದಿ ಹೋಗಿ ಕೆಂಪಾಗುತ್ತದೆ, ಇವಕ್ಕೆ ನ್ಯಾನೋ ಕಣ ಎನ್ನುತ್ತಾರೆ ಎಂದು ಹೆಂಡತಿಗೆ ವಿವರಿಸಿದೆ. ಅವಳು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಚಿನ್ನ ತಂದ, ಅದೂ ಮೈಮೇಲೆ ಹಾಕಿಕೊಳ್ಳುವಂತಿಲ್ಲ, ಕುಡಿಯಬೇಕಷ್ಟೆ ಎಂದಳು. ಆಮೇಲೆ ತಂಗಿಗೆ ಫೋನ್ ಮಾಡಿ ಅದನ್ನೇ ಇನ್ನಷ್ಟು ಚೆನ್ನಾಗಿ ಹೇಳಿದಳು.

ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಾಠ ಮಾಡಿಕೊಂಡೇ ಪಿಎಚ್‌ಡಿ ಮಾಡುತ್ತೇನೆಂದು ಹೊರಟವನು. ಹೊರಟು ಎಂಟು ವರ್ಷವಾಗಿತ್ತು. ನನ್ನ ಜೊತೆ ನೋಂದಣಿ ಮಾಡಿಸಿದವರೆಲ್ಲ ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಂಡು, ಬೋರ್ಡು ಬರೆಸಿ, ಆ ಬೋರ್ಡಿನ ಬಣ್ಣವೂ ಮಾಸಿತ್ತು. ವಿಶ್ವವಿದ್ಯಾಲಯದವರು ನನಗೆ ಕೊನೆಯ ಸಲ ಅವಧಿ ವಿಸ್ತರಿಸಿ, ಈ ಬಾರಿ ಸಮಿತಿಯ ತಜ್ಞರೊಬ್ಬರು ಖುದ್ದಾಗಿ ಬಂದು ಯಂತ್ರ ನೋಡುತ್ತಾರೆ, ಕೆಲಸ ಮಾಡಿದರೆ ಸರಿ, ಇಲ್ಲದಿದ್ದರೆ ನೋಂದಣಿ ರದ್ದು ಎಂದು ಪತ್ರ ಕಳಿಸಿದ್ದರು.

ಯಂತ್ರವೆಂದರೆ ದೊಡ್ಡದೇನಲ್ಲ. ಇಂಟರ್‌ನೆಟ್ ಬರುತ್ತದಲ್ಲ, ಆ ಆಪ್ಟಿಕಲ್ ಫೈಬರ್. ಕೂದಲೆಳೆಯಂಥ ಗಾಜಿನ ತಂತಿ. ಅದರ ಒಂದು ಕಡೆ ಮೇಲಿನ ಹೊದಿಕೆ ಸುಲಿದು, ಬರಿಮೈ ಮಾಡಿ, ಆ ಕೆಂಪು ಚಿನ್ನದಲ್ಲಿ ಅದ್ದಬೇಕು. ಚಿನ್ನದ ಕಣಗಳು ಗಾಜಿಗೆ ಅಂಟಿಕೊಳ್ಳುತ್ತವೆ. ತಂತಿಯೊಳಗೆ ಬೆಳಕು ಬಿಟ್ಟು, ಚಿನ್ನ ಹಚ್ಚಿದ ಭಾಗವನ್ನು ಯಾವುದಾದರೂ ದ್ರವದಲ್ಲಿ ಮುಳುಗಿಸಿದರೆ, ಆ ದ್ರವದಲ್ಲಿ ಏನಾದರೂ ಕರಗಿದ್ದರೆ ಹೊರಬರುವ ಬೆಳಕಿನ ಬಣ್ಣ ಚೂರು ಸರಿಯುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ಬಲಕ್ಕೆ ಜರುಗುತ್ತದೆ. ಬರೀ ನೀರಿಗೆ ಜರುಗಬಾರದು, ಸಕ್ಕರೆ ನೀರಿಗೆ ಸಕ್ಕರೆ ಇದ್ದಷ್ಟೂ ಜರುಗಬೇಕು. ಎಂಟು ವರ್ಷದ ನನ್ನ ವಿದ್ಯೆಯೆಲ್ಲ ಇಷ್ಟೇ.

ಶುರುಮಾಡಿದಾಗ ಆಸೆ ದೊಡ್ಡದಿತ್ತು. ನನ್ನ ಹುಟ್ಟೂರು ಸೊರಬ ತಾಲ್ಲೂಕಿನ ಕ್ಯಾಸನೂರಿನ ಆಸುಪಾಸು. ಕಾಡಿನ ಉಣ್ಣೆ ಹುಳ ಕಚ್ಚಿ ಬರುವ ಮಂಗನ ಕಾಯಿಲೆಗೆ ನಮ್ಮ ಚಿಕ್ಕಪ್ಪ ಹೋದರು. ರಕ್ತದ ರಿಪೋರ್ಟು ಮನೆಗೆ ಬಂದಾಗ ಅವರ ವೈಕುಂಠ ಸಮಾರಾಧನೆಯ ಪಾತ್ರೆಗಳು ತೊಳೆದು ಕವುಚಿದ್ದವು. ಒಂದು ಹನಿ ರಕ್ತದಲ್ಲಿ ಆ ಜ್ವರವನ್ನು ಅಲ್ಲೇ ಹಿಡಿಯುವ ತಂತಿ ಮಾಡಬೇಕು ಎಂದು ನಾನು ಅರ್ಜಿ ಬರೆದೆ. ನನಗೆ ಅದು ಈಗಲೂ ತಮಾಷೆಯ ವಿಷಯವಲ್ಲ. ಸಮಿತಿಯವರು ಓದಿ, ಮೊದಲು ಸಕ್ಕರೆ ನೀರು ಗುರುತಿಸಿ ತೋರಿಸಿ, ಆಮೇಲೆ ಜ್ವರದ ಮಾತು ಎಂದರು. ಹಾಗಾಗಿ ಸಕ್ಕರೆ ನೀರಿನಲ್ಲೇ ಎಂಟು ವರ್ಷ ಈಜಿದೆ.

ಕಾಲೇಜಿನ ಲ್ಯಾಬಿನಲ್ಲಿ ಫೈಬರ್ ಸುಲಿಯುವ ಸಾಧನವಿರಲಿಲ್ಲ. ನಾನು ಬ್ಲೇಡಿನಲ್ಲಿ ಸುಲಿಯಲು ಹೋಗಿ ಬೆರಳು ಸುಲಿದುಕೊಂಡೆ. ಆಗ ಸಿಕ್ಕವರು ಪೇಟೆಯಲ್ಲಿ ಕೇಬಲ್ ಮತ್ತು ಇಂಟರ್‌ನೆಟ್ ಲೈನು ನಡೆಸುವ ಸಾಬರು. ಕಂಬ ಹತ್ತಿ, ಗಾಳಿಯಲ್ಲಿ ತೂಗಾಡುತ್ತ, ತುಂಡಾದ ಗಾಜಿನ ಎಳೆಯನ್ನು ಕೂಡಿಸುವವರು. ನನ್ನ ಎಳೆಯನ್ನು ಅವರು ಬಾಳೆಹಣ್ಣಿನ ಸಿಪ್ಪೆ ತೆಗೆದಂತೆ ಸುಲಿದು ಕೈಗಿಟ್ಟರು. ಅವತ್ತಿನಿಂದ ನನ್ನ ಪ್ರಯೋಗಾಲಯ ಅವರ ಅಂಗಡಿಯ ಹಿಂದಿನ ಕೋಣೆಗೆ ಬಂತು. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು, ಇಬ್ಬರೂ ದಿನಕ್ಕೊಂದು ಸಲ ಜಗಳವಾಡುತ್ತಿದ್ದೆವು.

ಅಂಗಡಿಯ ಮೇಲೆಯೇ ಅವರ ಮನೆ. ಮನೆಯಲ್ಲಿ ಅವರ ತಾಯಿ. ಮಗ ಅಮ್ಮಿ ಎನ್ನುತ್ತಿದ್ದರು, ನಾನು ಅಮ್ಮಾ ಎನ್ನುತ್ತಿದ್ದೆ. ನನ್ನ ಹತ್ತಿರ ಇಪ್ಪತ್ತು ಕಂದು ಗಾಜಿನ ಪುಟ್ಟ ಸೀಸೆಗಳಿದ್ದವು, ದ್ರವ ಹಾಕಿ ಪರೀಕ್ಷಿಸಲಿಕ್ಕೆ. ಅವನ್ನು ನಾನು ತೊಳೆದರೆ ಎಲ್ಲೋ ಕೊಳೆ ಉಳಿದು ಪರದೆಯ ಮೇಲಿನ ಗೆರೆ ನಿಲ್ಲದೆ ಕುಣಿಯುತ್ತಿತ್ತು. ಒಂದು ದಿನ ಆ ತಾಯಿ ಕೆಳಗೆ ಬಂದು, ನಾನು ತೊಳೆದ ಸೀಸೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇಪ್ಪತ್ತನ್ನೂ ಸೆರಗಿನಲ್ಲಿ ಹಾಕಿಕೊಂಡು ಮೇಲೆ ಹೋದರು. ಕೊನೆಯ ಸಲ ಬ್ಯಾಟರಿ ನೀರಿನಲ್ಲೇ ಜಾಲಿಸಬೇಕು, ಇನ್ವರ್ಟರಿಗೆ ಹಾಕುವ ಆ ಶುದ್ಧ ನೀರಿನಲ್ಲಿ, ಎಂದು ನಾನು ಮೆಟ್ಟಿಲ ಕೆಳಗಿನಿಂದಲೇ ಪಾಠ ಮಾಡಿದೆ. ಸಂಜೆ ಸೀಸೆಗಳು ಒಣಗಿ, ಮುಚ್ಚಳ ಹಾಕಿಕೊಂಡು, ಬುಟ್ಟಿಯಲ್ಲಿ ಬಂದವು. ಗೆರೆಯ ಕುಣಿತ ನಿಂತಿತು. ಅವತ್ತಿನಿಂದ ದಿನವೂ ಸೀಸೆ ತೊಳೆಯುವ ಕೆಲಸ ಅವರದೇ ಆಯಿತು. ನಾನು ಅವರನ್ನು ಹೊಗಳಿದ್ದೇ ಹೊಗಳಿದ್ದು.

ಕುಣಿತವೇನೋ ನಿಂತಿತು, ಆದರೆ ಹೊಸ ಪೀಡೆ ಶುರುವಾಯಿತು. ಸೀಸೆಗೆ ಬರೀ ನೀರು ಹಾಕಿದರೂ ಗೆರೆ ಬಲಕ್ಕೆ ಜರುಗಿ ನಿಲ್ಲುತ್ತಿತ್ತು. ಒಂದರಲ್ಲಿ ಸ್ವಲ್ಪ, ಇನ್ನೊಂದರಲ್ಲಿ ಹೆಚ್ಚು. ನೀರಿನಲ್ಲಿ ಸಕ್ಕರೆ ಇದೆ ಎಂದು ಯಂತ್ರ ಹಟ ಹಿಡಿಯಿತು. ನಾನು ಚಿನ್ನ ಬದಲಿಸಿದೆ. ದೀಪ ಬದಲಿಸಿದೆ. ಬ್ಯಾಟರಿ ನೀರಿನ ಅಂಗಡಿ ಬದಲಿಸಿದೆ. ಕೊನೆಗೆ ಭಾಯ್ ಮೇಲೆ ಹೋದೆ. ಜಿಲೇಬಿ ತಿಂದ ಕೈಯಲ್ಲೇ ಫೈಬರ್ ಮುಟ್ಟುತ್ತೀರಿ ಎಂದೆ. ನಮಾಜಿಗೆ ತೊಳೆಯುವ ಹಾಗೆ ಮೊಣಕೈವರೆಗೆ ತೊಳೆದು ಮುಟ್ಟುತ್ತೇನೆ, ಬೇಕಾದರೆ ನಿಮ್ಮ ಕೈಯನ್ನೇ ಅದ್ದಿ ನೋಡಿ ಎಂದರು ಅವರು. ಅದ್ದಿಯೂ ನೋಡಿದೆ. ನನ್ನ ಕೈಯದೇ ಹೆಚ್ಚು ಬಂತು, ಅದನ್ನು ಅವರಿಗೆ ಹೇಳಲಿಲ್ಲ.

ಇದೇ ಸಮಯದಲ್ಲಿ ಕೋಣೆಗೆ ಇರುವೆ ಬರತೊಡಗಿದವು. ಸೀಸೆಗಳ ಬುಟ್ಟಿಯ ಸುತ್ತ ಸಾಲುಗಟ್ಟಿ, ಮುಚ್ಚಳಗಳ ಮೇಲೆ ಹತ್ತಿ ಇಳಿದು, ಒಳ್ಳೆ ಮೇಲ್ವಿಚಾರಕರ ಹಾಗೆ ಓಡಾಡುತ್ತಿದ್ದವು. ನಾನು ಇರುವೆ ಸೀಮೆಸುಣ್ಣ ತಂದು ಬುಟ್ಟಿಯ ಸುತ್ತ ಗೆರೆ ಎಳೆದು, ಅವಕ್ಕೂ ಬೈದೆ. ಅವು ಮೂರು ತಿಂಗಳಿಂದ ನನಗೆ ಉತ್ತರ ಹೇಳುತ್ತಿದ್ದವು. ಇರುವೆ ಹೇಳಿದ್ದನ್ನು ಕೇಳುವ ಅಭ್ಯಾಸ ನಮ್ಮ ಶಾಸ್ತ್ರದಲ್ಲಿ ಇಲ್ಲ.

ತಜ್ಞರು ಬಂದರು. ನಿವೃತ್ತಿಯ ಹತ್ತಿರದ ಪ್ರಾಧ್ಯಾಪಕರು, ಮಿತಭಾಷಿ, ಕೈಯಲ್ಲಿ ಬಟ್ಟೆಯ ಚೀಲ. ಕೇಬಲ್ ಅಂಗಡಿಯ ಹಿಂದೆ ಪ್ರಯೋಗಾಲಯ ನೋಡಿ ಹುಬ್ಬೇರಿಸಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ ಬಂತು. ಚೀಲದಿಂದ ತಮ್ಮದೇ ಶುದ್ಧ ನೀರು, ತಮ್ಮದೇ ಸಕ್ಕರೆ ನೀರು ತೆಗೆದರು. ನನ್ನನ್ನು ಹೊರಗೆ ನಿಲ್ಲಿಸಿ, ನನ್ನ ಸೀಸೆಗಳಲ್ಲಿ ಮೂರನ್ನು ತಾವೇ ಆರಿಸಿ ತುಂಬಿಸಿ ಒಳಗೆ ಕರೆದರು. ನಾನು ತಂತಿ ಇಳಿಸಿದೆ. ಮೂರರಲ್ಲೂ ಸಕ್ಕರೆ ಎಂದಿತು ಯಂತ್ರ. ಮೂರಕ್ಕೂ ಅವರು ಹಾಕಿದ್ದು ಬರೀ ನೀರು.

ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಯಂತ್ರಕ್ಕೆ ಸೊನ್ನೆ ಗೊತ್ತಿಲ್ಲ ಕಣ್ರೀ," ಎಂದರು. "ಸೊನ್ನೆ ಗೊತ್ತಿಲ್ಲದಿದ್ದರೆ ಉಳಿದ ಅಂಕಿ ತಗೊಂಡು ಏನ್ ಮಾಡ್ತೀರಿ?"

ವರದಿ ನಾಳೆ ಸಂಜೆಯೊಳಗೆ ಕಳಿಸುತ್ತೇನೆ, ಇವತ್ತು ಸೊರಬದಲ್ಲಿ ತಂಗಿಯ ಮನೆಗೆ ಹೋಗಬೇಕು ಎಂದು ಹೇಳಿ ಮೂರು ಗಂಟೆಯ ಬಸ್ಸು ಹತ್ತಿದರು. ನಾನು ಬಸ್ ನಿಲ್ದಾಣದಿಂದ ವಾಪಸ್ ಬಂದು ಕೇಬಲ್ ಸುರುಳಿಯ ಮೇಲೆ ಕುಳಿತೆ. ಅಳು ಬರುತ್ತಿತ್ತು. ಐವತ್ತರ ಹತ್ತಿರದ ಗಂಡಸು ಕೇಬಲ್ ಸುರುಳಿಯ ಮೇಲೆ ಕುಳಿತು ಅತ್ತರೆ ನೋಡುವವರಿಗೆ ಹೇಗಿರುತ್ತದೆ ಎಂದು ಯೋಚಿಸಿ ತಡೆದುಕೊಂಡೆ. ಭಾಯ್ ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನ ಪಕ್ಕ ಬಂದು ಕುಳಿತರು.

ಆ ತಾಯಿ ಚಹಾ ತಂದರು. ಇಬ್ಬರ ಮುಖ ನೋಡಿ, ದೊಡ್ಡ ಸಾಹೇಬರು ಏನೆಂದರು ಎಂದು ಮಗನನ್ನು ಕೇಳಿದರು. ಖಾಲಿ ನೀರಲ್ಲೂ ಸಕ್ಕರೆ ಇದೆ ಅನ್ನುತ್ತಂತೆ ಇವರ ಮಶೀನು, ಎಲ್ಲ ಮುಗಿಯಿತು ಎಂದು ಮಗ ಹೇಳಿದರು.

"ಐತಲ್ಲ ಮತ್ತೆ," ಎಂದರು ತಾಯಿ. "ನಾನೇ ಹಾಕೀನಿ."

ನಾನು ಲೋಟ ಕೆಳಗಿಟ್ಟೆ. ಏನು ಹಾಕಿದಿರಿ, ಎಲ್ಲಿ ಹಾಕಿದಿರಿ ಎಂದೆ.

"ಸಕ್ಕರೆ. ಒಂದೊಂದರಾಗೂ ಒಂದು ಚಿಟಿಕಿ. ಬ್ಯಾರೇರ ಪಾತ್ರೆ ತೊಳೆದು ಖಾಲಿ ವಾಪಸ್ ಕೊಡ್ತಾರೇನ್ರೀ ಮೇಷ್ಟ್ರೆ?"

ಕೊಡುವುದಿಲ್ಲ. ಖಂಡಿತ ಕೊಡುವುದಿಲ್ಲ. ನಮ್ಮ ಮನೆಯಲ್ಲೂ ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಪಲ್ಯದ ಬಟ್ಟಲು ಹಿಂತಿರುಗಿಸುವಾಗ ಅಮ್ಮ ಅದರಲ್ಲಿ ಒಂದು ಚೂರು ಬೆಲ್ಲ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು, ನಾನು ದಾರಿಯಲ್ಲೇ ಅದನ್ನು ತಿಂದು ಬಟ್ಟಲನ್ನು ಖಾಲಿ ಮಾಡಿ ಒಯ್ಯುತ್ತಿದ್ದೆ. ಕಂದು ಗಾಜಿನ ಒಳಗೆ ನಾಲ್ಕು ಹರಳು ಸಕ್ಕರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಬಿದ್ದ ಕೂಡಲೇ ಕರಗುತ್ತದೆ. ನನ್ನ ಯಂತ್ರ ಮೂರು ತಿಂಗಳಿಂದ ಆ ತಾಯಿಯ ಮರ್ಯಾದೆಯನ್ನು ಅಳೆದು ಅಳೆದು ತೋರಿಸಿತ್ತು.

ತಜ್ಞರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಭಾಯ್ ವ್ಯಾನಿನ ಕೀಲಿ ತೆಗೆದುಕೊಂಡು, ನಾವಿಬ್ಬರೇ ಹೋಗಿ ಹೇಳಿದರೆ ಕಥೆ ಕಟ್ಟುತ್ತಿದ್ದೇವೆ ಅಂದುಕೊಳ್ಳುತ್ತಾರೆ, ಅಮ್ಮಿ ಬರಲಿ ಎಂದರು. ತಾಯಿ ಬುರ್ಖಾ ಹಾಕಿಕೊಂಡು, ಔಷಧಿ ಚೀಲ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ, ಕೇಬಲ್ ಸುರುಳಿಗಳ ನಡುವೆ, ನೋಟ್ ಪುಸ್ತಕ ಎದೆಗೊತ್ತಿಕೊಂಡು. ಮೇಲೆ ಏಣಿ ಗಡಗಡ ಅನ್ನುತ್ತಿತ್ತು. ಉಡುತಡಿಯಿಂದ ಒಬ್ಬರು ನೆಟ್ ಇಲ್ಲವೆಂದು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಶಿರಾಳಕೊಪ್ಪ ದಾಟುವ ಹೊತ್ತಿಗೆ ಭಾಯ್ ಅವರಿಗೆ, ನಮ್ಮ ಸರ್ ಅವರ ಪಿಎಚ್‌ಡಿ ಕಟ್ಟಾಗಿದೆ, ಅದನ್ನು ಕೂಡಿಸಿ ಆಮೇಲೆ ನಿಮ್ಮದಕ್ಕೆ ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟರು.

ಸೊರಬದ ಬಸ್ ನಿಲ್ದಾಣದಲ್ಲಿ ತಜ್ಞರು ಬೆಂಚಿನ ಮೇಲೆ ಕುಳಿತು, ತಂಗಿಯ ಗಂಡ ಬೈಕಿನಲ್ಲಿ ಬರುವುದನ್ನು ಕಾಯುತ್ತ ಮಂಡಕ್ಕಿ ತಿನ್ನುತ್ತಿದ್ದರು. ಏಣಿ ಹೊತ್ತ ವ್ಯಾನು ಎದುರಿಗೆ ನಿಂತಿತು. ಅದರಿಂದ ಒಬ್ಬ ವೃದ್ಧೆ, ಅವರ ಮಗ, ಹಿಂದಿನ ಬಾಗಿಲಿನಿಂದ ನಾನು ಇಳಿದೆವು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಹೇಳುತ್ತಿದ್ದ ಹಾಗೆ ಅದು ನನಗೇ ಸುಳ್ಳಿನ ಹಾಗೆ ಕೇಳತೊಡಗಿತು.

ಅವರು ಮಂಡಕ್ಕಿ ಪೊಟ್ಟಣ ಮಡಿಸಿದರು. "ರೀ, ಪ್ರಯೋಗ ಕೆಟ್ಟಿದ್ದಕ್ಕೆ ನಾನು ಬೇಕಾದಷ್ಟು ಕಾರಣ ಕೇಳಿದ್ದೀನಿ," ಎಂದರು. "ಇಲಿ ಕಡಿದಿದ್ದು ಕೇಳಿದ್ದೀನಿ, ಸಿಡಿಲು ಹೊಡೆದಿದ್ದು ಕೇಳಿದ್ದೀನಿ. ಕಾರಣವನ್ನೇ ವ್ಯಾನಲ್ಲಿ ಕೂರಿಸ್ಕೊಂಡು ಬಂದಿದ್ದು ನೀವೇ ಮೊದಲು."

ಆಮೇಲೆ ತಾಯಿಯ ಕಡೆ ತಿರುಗಿ, ಬೆಂಚಿನಲ್ಲಿ ಜಾಗ ಮಾಡಿಕೊಟ್ಟು, ಎಲ್ಲ ಸೀಸೆಗೂ ಹಾಕಿದ್ದು ಹೌದಾ ಎಂದು ಮರ್ಯಾದೆಯಿಂದ ಕೇಳಿದರು.

"ಎಲ್ಲದಕ್ಕೂ ಇಲ್ರೀ," ಎಂದರು ತಾಯಿ. "ಒಂದಕ್ಕೆ ಯಾವತ್ತೂ ಹಾಕಿಲ್ಲ. ಅದರ ಬಾಯಿ ಒಡೆದೈತಿ. ಒಡೆದ ಪಾತ್ರೆಗೆ ಹಾಕಬಾರ್ದು."

ತಜ್ಞರು ನನ್ನ ಕಡೆ ಕೈ ಚಾಚಿದರು. ನೋಟ್ ಪುಸ್ತಕ ಕೊಡಲು ನನಗೆ ಮನಸ್ಸಾಗಲಿಲ್ಲ, ಯಾಕೆಂದರೆ ಅದರಲ್ಲಿ ಏನಿದೆಯೆಂದು ಆ ಕ್ಷಣಕ್ಕೆ ನೆನಪಾಗಿತ್ತು. ಕೊಟ್ಟೆ. ಅವರು ಒಂದೊಂದೇ ಪುಟ ತಿರುವಿದರು. ಪ್ರತಿ ಪುಟದಲ್ಲೂ ಇಪ್ಪತ್ತು ಸಾಲು, ಹತ್ತೊಂಬತ್ತರ ಎದುರು ಏನೇನೋ ಅಂಕಿ. ಒಂದರ ಎದುರು ಮಾತ್ರ ಸೊನ್ನೆ, ಪಕ್ಕದಲ್ಲಿ ನನ್ನ ಕೈಬರಹ: ಬಾಯಿ ಒಡೆದ ಸೀಸೆ, ನಂಬುವಂತಿಲ್ಲ. ಅದರ ಮೇಲೆ ಕೆಂಪು ಶಾಯಿಯ ಗೆರೆ. ಮೂರು ತಿಂಗಳ ಉದ್ದಕ್ಕೂ, ಪುಟ ಪುಟದಲ್ಲೂ, ಅದೊಂದೇ ಸಾಲನ್ನು ನಾನು ನೇರವಾಗಿ, ಸ್ಕೇಲು ಇಟ್ಟು ಹೊಡೆದು ಹಾಕಿದ್ದೆ.

"ಸರಿಯಾಗಿದ್ದದ್ದನ್ನೇ ಹುಡುಕಿ ಹುಡುಕಿ ಹೊಡೆದಿದ್ದೀರಲ್ರೀ," ಎಂದರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. ಪುಸ್ತಕ ನೋಡಿ ವರದಿ ಬರೆಯಲಾಗುವುದಿಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಬರುತ್ತೇನೆ, ಸೀಸೆಗಳನ್ನು ಹೊಸದಾಗಿ ತೊಳೆದು ಖಾಲಿ ಇಟ್ಟಿರಿ, ಸೊನ್ನೆ ಬಂದರೆ ಸಹಿ ಎಂದರು. ಅಷ್ಟರಲ್ಲಿ ತಂಗಿಯ ಗಂಡನ ಬೈಕು ಬಂತು.

ವಾಪಸ್ ದಾರಿಯಲ್ಲಿ ನಾನು ಹಿಂದಿನಿಂದ ಕೂಗಿ, ಅಮ್ಮಾ, ಇವತ್ತೊಂದು ಸಲ ಖಾಲಿ ಕೊಡಿ ಎಂದೆ. ಮಗ ಉರ್ದುವಿನಲ್ಲಿ ಬಹಳ ಹೊತ್ತು ಏನೋ ಹೇಳಿದರು. ತಾಯಿ ಎರಡೇ ಮಾತಿನಲ್ಲಿ ಮುಗಿಸಿದರು. ಆಗುವುದಿಲ್ಲವಂತೆ ಸರ್, ಖಾಲಿ ಕೊಟ್ಟರೆ ನಿಮ್ಮ ಮನೆಗೇ ಒಳ್ಳೆಯದಲ್ಲವಂತೆ ಎಂದು ಭಾಯ್ ಅನುವಾದ ಮಾಡಿದರು. ಹಾಗಿದ್ದರೆ ನಾನೇ ತೊಳೆಯುತ್ತೇನೆ ಎನ್ನೋಣವೆಂದರೆ, ನಾನು ತೊಳೆದ ಸೀಸೆಯಲ್ಲಿ ಗೆರೆ ಹೇಗೆ ಕುಣಿಯುತ್ತದೆಂದು ಮೂವರಿಗೂ ಗೊತ್ತಿತ್ತು. ನನ್ನ ಎಂಟು ವರ್ಷ ಆ ವೃದ್ಧೆಯ ಒಂದು ಚಿಟಿಕೆಯಲ್ಲಿ ಸಿಕ್ಕಿಕೊಂಡಿತ್ತು, ಮತ್ತು ಆ ಚಿಟಿಕೆಯನ್ನು ಅವರು ಹಾಕುತ್ತಿದ್ದದ್ದು ನನ್ನ ಒಳ್ಳೆಯದಕ್ಕೇ. ಸಿಟ್ಟು ಮಾಡಲೂ ದಾರಿಯಿರಲಿಲ್ಲ.

ಬೆಳಿಗ್ಗೆ ಬೇಗ ಹೋದೆ. ಮೆಟ್ಟಿಲ ಮೇಲಿನಿಂದಲೇ ಅವರು ಕರೆದರು. ಮಹಡಿಯ ಬಿಸಿಲಿನಲ್ಲಿ ಚಾಪೆಯ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಇಪ್ಪತ್ತು ಸೀಸೆ, ಪಕ್ಕದಲ್ಲಿ ಇಪ್ಪತ್ತು ಮುಚ್ಚಳ.

"ನಾನು ಕೊಡಲ್ಲ," ಎಂದರು. "ನೀವೇ ತಗೊಂಡು ಹೋಗ್ರಿ. ಕೊಟ್ಟಿದ್ದು ಬ್ಯಾರೆ, ತಗೊಂಡಿದ್ದು ಬ್ಯಾರೆ."

ಇಷ್ಟು ಹೇಳಿ ಅವರು ಗೋಡೆಯ ಕಡೆ ತಿರುಗಿ ನಿಂತರು. ನಾನು ಕಳ್ಳನ ಹಾಗೆ ಒಂದೊಂದೇ ಸೀಸೆಯನ್ನು ಬುಟ್ಟಿಗೆ ಹಾಕಿಕೊಂಡೆ. ಗಾಜು ಟಕ್ ಎಂದಾಗಲೆಲ್ಲ ಅವರ ಭುಜ ಸ್ವಲ್ಪ ಅಲುಗುತ್ತಿತ್ತು. ತಿರುಗಿ ಮಾತ್ರ ನೋಡಲಿಲ್ಲ.

ತಜ್ಞರು ಬಂದು ತಾವೇ ಸೀಸೆ ಆರಿಸಿದರು, ತಾವೇ ತುಂಬಿಸಿದರು. ಮೊದಲನೆಯದಕ್ಕೆ ತಂತಿ ಇಳಿಸಿದೆ. ಗೆರೆ ಇದ್ದಲ್ಲೇ ಇತ್ತು. ಎರಡನೆಯದು, ಇದ್ದಲ್ಲೇ. ಭಾಯ್ ಉಸಿರು ಬಿಗಿಹಿಡಿದು, ಗಾಳಿಗೆ ಗೆರೆ ಅಲ್ಲಾಡೀತು ಅನ್ನುವ ಹಾಗೆ ಬಾಗಿಲಿನ ಹತ್ತಿರ ನಿಂತಿದ್ದರು. ಮೂರನೆಯದೂ ಕದಲಲಿಲ್ಲ. ಏನೂ ಆಗದಿದ್ದುದಕ್ಕೆ ನಾನು ಜನ್ಮದಲ್ಲಿ ಅಷ್ಟು ಸಂತೋಷಪಟ್ಟಿರಲಿಲ್ಲ. ಆಮೇಲೆ ಅವರು ತಮ್ಮ ಸಕ್ಕರೆ ನೀರು ಹಾಕಿದರು. ಸ್ವಲ್ಪಕ್ಕೆ ಸ್ವಲ್ಪ, ಹೆಚ್ಚಿಗೆ ಹೆಚ್ಚು, ಗೆರೆ ಹೇಳಿದ ಮಾತು ಕೇಳುವ ಮಗುವಿನಂತೆ ಬಲಕ್ಕೆ ಜರುಗಿತು. ಅವರು ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು. ಇನ್ನು ಆ ಜ್ವರದ ಕೆಲಸ ಶುರುಮಾಡಿ ಎಂದು ಹೇಳಿ ಹೊರಟರು.

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ತಾಯಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಸೊನ್ನೆ ಬಂತು ಅಮ್ಮಾ, ಮೂರರಲ್ಲೂ ಸೊನ್ನೆ ಎಂದೆ. ಅವರು ತಲೆಯಾಡಿಸಿದರು. ನಾನು ಇನ್ನೂ ಏನೇನೋ ಹೇಳಿದೆ, ಚಿನ್ನ, ಬೆಳಕು, ಸಹಿ. ಅವರು ಕೇಳಿಸಿಕೊಂಡು, ಅಕ್ಕಿಯಲ್ಲೇ ಬೆರಳಾಡಿಸುತ್ತ ಹೇಳಿದರು.

"ಮೂರು ತಿಂಗಳಿಂದ ಕೆಳಗೆ ಕೂತು ಇವನಿಗೆ ಬೈದ್ರಿ, ತಂತಿಗೆ ಬೈದ್ರಿ, ಇರುವಿಗೂ ಬೈದ್ರಿ. ಮ್ಯಾಲೆ ಎಲ್ಲಾ ಕೇಳಿಸ್ತಿತ್ತು. ತೊಳೆಯಾಕಿ ನಾನು. ನನ್ನನ್ನ ಒಂದ್ ಮಾತು ಕೇಳಲಿಲ್ಲ ನೋಡ್ರಿ ಮೇಷ್ಟ್ರೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಯ್ಯಲು ಯಾರೂ ಉಳಿಯದಷ್ಟು ಜನರಿಗೆ ಬೈದಿದ್ದೆ, ಕೇಳಬೇಕಾದವರನ್ನು ಮಾತ್ರ ಕೇಳಿರಲಿಲ್ಲ. ಸೀಸೆ ತೊಳೆಯುವವರಿಗೆ ಏನು ಗೊತ್ತಿರುತ್ತದೆ ಅನ್ನುವ ಒಂದು ಸಣ್ಣತನ ನನ್ನಲ್ಲಿತ್ತು, ಅದು ನನಗೆ ನಾಚಿಕೆಯಾಗುವಷ್ಟು ಸ್ಪಷ್ಟವಾಗಿ ಕಂಡಿತು.

ನಾನು ಚಾಪೆಯ ತುದಿಯಲ್ಲಿ ಕುಳಿತು ನೋಟ್ ಪುಸ್ತಕ ತೆರೆದೆ. ಸೀಸೆಗಳನ್ನು ಹೇಗೆ ತೊಳೆಯುತ್ತೀರಿ, ಮೊದಲಿನಿಂದ ಹೇಳಿ ಅಮ್ಮಾ ಎಂದೆ. ಅವರು ಮೊರ ಬದಿಗಿಟ್ಟು, ಕಾಲು ಚಾಚಿ, ಸೆರಗು ಸರಿಮಾಡಿಕೊಂಡು ಶುರುಮಾಡಿದರು. ಮೊದಲು ಜರಡಿ ಹಿಡಿದ ಒಲೆಯ ಬೂದಿ ಎಂದರು. ನನ್ನ ಪೆನ್ನು ನಿಂತಿತು. ತೊಳೆಯಲಿಕ್ಕೆಂದು ಲ್ಯಾಬಿನಿಂದ ತಂದುಕೊಟ್ಟಿದ್ದ ಆ ವಿಶೇಷ ಸೋಪಿನ ನೀರು ಏನಾಯಿತು ಎಂದು ಕೇಳಿದೆ. ಅದರಲ್ಲಿ ಸ್ಟೀಲು ಲೋಟಗಳು ಬಹಳ ಚೆನ್ನಾಗಿ ಬೆಳಗುತ್ತವೆ, ಸೀಸೆಗೆ ಅದು ಪ್ರಯೋಜನವಿಲ್ಲ ಎಂದರು. ಅದನ್ನೂ ಬರೆದುಕೊಂಡೆ.